ಕುಮುದ್ವತಿಯ ದಂಡೆಯಲ್ಲಿ ನಂಬಿಕೆಯ ಪರೀಕ್ಷೆ

ದೇಶದ ಇತಿಹಾಸವನ್ನು ಬರೆದವರ ಗ್ರಂಥಗಳಲ್ಲಿ ರಟ್ಟೀಹಳ್ಳಿಯ ಹೆಸರು ಬಹುಮಟ್ಟಿಗೆ ಒಂದೇ ಸಲ ಬರುತ್ತದೆ. 1764ರ ಬೇಸಗೆಯಲ್ಲಿ, ಹತ್ತೊಂಬತ್ತರ ಹರೆಯದ ಪೇಶ್ವೆ ಮಾಧವರಾಯನು ಹೈದರಾಲಿಯ ಸೈನ್ಯವನ್ನು ಈ ಊರಿನ ಬಯಲಿನಲ್ಲಿ ಮುರಿದನೆಂಬ ವಾಕ್ಯದಲ್ಲಿ ಅದು ಕಾಣಿಸಿಕೊಂಡು, ಹೈದರನು ಆನವಟ್ಟಿಯ ಕಾಡಿನ ಕಡೆಗೆ ಹಿಂದೆಗೆದನೆಂಬ ಮುಂದಿನ ವಾಕ್ಯದಲ್ಲಿಯೇ ಮರೆಯಾಗುತ್ತದೆ. ಎರಡು ದೊಡ್ಡ ರಾಜ್ಯಗಳ ನಡುವೆ ಸಿಕ್ಕಿಕೊಂಡ ಎಲ್ಲ ಗಡಿಯೂರುಗಳಿಗೂ ಬರುವ ಕೀರ್ತಿಯೇ ಇದು. ದಂಡು ಬಂದಾಗ ಹೊಲದ ಪೈರು ಕುದುರೆಗಳ ಪಾಲಾಯಿತು, ದಂಡು ಹೋದಮೇಲೆ ಒಕ್ಕಲು ಮತ್ತೆ ನೇಗಿಲು ಹಿಡಿಯಿತು. ಈ ಸೀಮೆಯ ನಿಜವಾದ ಚರಿತ್ರೆಯನ್ನು ಬಯಸುವವನು ಆ ಯುದ್ಧದ ಪುಟವನ್ನು ದಾಟಿ ಇನ್ನೊಂದು ಬಗೆಯ ಹೋರಾಟವನ್ನು ಅರಸಬೇಕಾಗುತ್ತದೆ. ಮನುಷ್ಯನು ಯಾವುದನ್ನು ನಂಬಬೇಕು, ನಂಬಿದ್ದಕ್ಕೆ ಏನು ಸಾಕ್ಷಿ ಕೊಡಬೇಕು, ನಂಬಿದಂತೆ ನಡೆಯದವನನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಗಳನ್ನು ಕುಮುದ್ವತಿಯ ಎರಡೂ ದಂಡೆಗಳ ಜನ ಎಂಟು ನೂರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ; ಅವಕ್ಕೆ ಒಮ್ಮೆ ಕತ್ತಿಯಿಂದಲೂ ಒಮ್ಮೆ ಮಾತಿನಿಂದಲೂ ಉತ್ತರ ಪಡೆದಿದ್ದಾರೆ.

ಹುಂಚದ ಸಮೀಪದ ಮಲೆನಾಡಿನಲ್ಲಿ ಹುಟ್ಟಿ, ಶಿಕಾರಿಪುರದ ಸೀಮೆಯನ್ನು ಹಾಯ್ದು, ಮಾಸೂರನ್ನೂ ರಟ್ಟೀಹಳ್ಳಿಯನ್ನೂ ತಾಕಿ, ರಾಣೆಬೆನ್ನೂರಿನ ಕಡೆಯಲ್ಲಿ ತುಂಗಭದ್ರೆಯನ್ನು ಸೇರುವ ಈ ನದಿಯು ಅಷ್ಟೇನೂ ದೊಡ್ಡದಲ್ಲ. ಆದರೆ ಅದನ್ನು ಮಾಸೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ತಡೆದು ಹಿಂದಿನವರು ಕಟ್ಟಿದ ಮದಗದ ಕೆರೆಯನ್ನೂ, ರಟ್ಟೀಹಳ್ಳಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯಲ್ಲಿ ನಿಂತಿರುವ ಕದಂಬೇಶ್ವರ ದೇವಾಲಯವನ್ನೂ ನೋಡಿದವನಿಗೆ, ಒಂದು ಕಾಲಕ್ಕೆ ಇಲ್ಲಿ ನೀರು, ಧಾನ್ಯ, ದಾನ, ವಿದ್ಯೆ ಇವೆಲ್ಲವೂ ಸಮೃದ್ಧವಾಗಿದ್ದುವೆಂಬುದರಲ್ಲಿ ಸಂದೇಹವುಳಿಯದು. ಶಾಸನಗಳಲ್ಲಿ ರಟ್ಟಪಳ್ಳಿಯೆಂದು ಹೆಸರಾದ ಈ ಊರಿನ ಆ ಗುಡಿ ತ್ರಿಕೂಟ: ಮೂರು ಗರ್ಭಗೃಹಗಳು ಒಂದೇ ಮಂಟಪಕ್ಕೆ ಬಾಗಿಲು ತೆರೆದಿವೆ. ಇದನ್ನು ಕಟ್ಟಿದವರು ಯಾರೆಂದು ಊರಿನ ಹಿರಿಯರನ್ನು ಕೇಳಿದರೆ, ಕ್ಷಣಮಾತ್ರವೂ ತಡೆಯದೆ, ಜಕಣಾಚಾರಿ ಎನ್ನುತ್ತಾರೆ. ಬಂಕಾಪುರದಲ್ಲಿ ಕೇಳಿದರೂ ಅದೇ ಹೆಸರು, ಹಾನಗಲ್ಲಿನಲ್ಲಿ ಕೇಳಿದರೂ ಅದೇ ಹೆಸರು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅಷ್ಟು ಗುಡಿಗಳು ಆಗಲಾರವೆಂದು ಪುರಾತತ್ತ್ವದವರು ಹೇಳಿದರೆ, ಹೇಳುವವರೂ ಕೇಳುವವರೂ ಅದನ್ನು ಒಪ್ಪಿಕೊಂಡು, ಮರುದಿನ ಮತ್ತೆ ಜಕಣಾಚಾರಿ ಎಂದೇ ಅನ್ನುತ್ತಾರೆ. ಇದನ್ನು ಅಜ್ಞಾನವೆಂದು ತಳ್ಳಿಬಿಡಲು ನನಗೆ ಮನಸ್ಸಿಲ್ಲ. ಚೆಲುವಾದ ಕಲ್ಲೆಲ್ಲ ಜಕಣಾಚಾರಿಯದು, ಚುರುಕಾದ ಮಾತೆಲ್ಲ ಸರ್ವಜ್ಞನದು ಎಂದು ಹಂಚಿಕೊಟ್ಟಿರುವ ಈ ಜನ, ಆ ಹಂಚಿಕೆಯಲ್ಲಿ ತಮ್ಮ ಸ್ವಭಾವದ ಯಾವುದೋ ಒಂದು ಅಗತ್ಯವನ್ನು ಪೂರೈಸಿಕೊಂಡಿದ್ದಾರೆ. ಆ ಅಗತ್ಯ ಯಾವುದೆಂದು ಹೇಳುವ ಮುನ್ನ ಅಬಲೂರಿಗೆ ಹೋಗಿಬರಬೇಕು.

ಹಿರೇಕೆರೂರು ತಾಲ್ಲೂಕಿನ ಅಬಲೂರು ಇಂದು ನೋಡುವುದಕ್ಕೆ ಸಾಮಾನ್ಯವಾದ ಒಂದು ಹಳ್ಳಿ. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಒಂದು ದೀರ್ಘವಾದ ಶಾಸನವಿದೆ, ಹಾನಗಲ್ಲಿನ ಕದಂಬರ ಕಾಮದೇವನ ಕಾಲದ್ದು, ಜೆ. ಎಫ್. ಫ್ಲೀಟರು ಅದನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿ ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಅದು ಹೇಳುವ ಕಥೆ ಏಕಾಂತದ ರಾಮಯ್ಯನದು. ಆಳಂದೆಯಲ್ಲಿ ಹುಟ್ಟಿದ ಈ ಶಿವಭಕ್ತನು ಪುಲಿಗೆರೆಯ ಸೋಮನಾಥನ ಆಜ್ಞೆಯನ್ನು ಹೊತ್ತು ಅಬಲೂರಿಗೆ ಬರುತ್ತಾನೆ. ಅಲ್ಲಿ ಸಂಕಗಾವುಂಡನೇ ಮೊದಲಾದ ಜೈನ ಪ್ರಮುಖರಿಗೂ ಇವನಿಗೂ ಯಾವ ದೇವರು ದೊಡ್ಡವನೆಂಬ ವಾದ ಹುಟ್ಟುತ್ತದೆ. ವಾದ ಬೆಳೆದು ಪಣವಾಗುತ್ತದೆ. ಪಣವನ್ನು ಓಲೆಯಲ್ಲಿ ಬರೆದುಕೊಳ್ಳುತ್ತಾರೆ. ರಾಮಯ್ಯನು ತನ್ನ ತಲೆಯನ್ನು ತಾನೇ ಅರಿದು ಶಿವನಿಗೆ ಅರ್ಪಿಸಿ ಏಳು ದಿನಗಳ ಮೇಲೆ ಮರಳಿ ಪಡೆದರೆ ಜೈನರು ತಮ್ಮ ಪ್ರತಿಮೆಯನ್ನು ತೆಗೆದು ಆ ಎಡೆಯಲ್ಲಿ ಶಿವನನ್ನು ಸ್ಥಾಪಿಸಬೇಕು. ಶಾಸನದ ಪ್ರಕಾರ ಅವನು ತಲೆಯನ್ನು ಮರಳಿ ಪಡೆದನು, ಎದುರಾಳಿಗಳು ಮಾತಿಗೆ ತಪ್ಪಿದರು, ಅವನು ಬಸದಿಯ ಪ್ರತಿಮೆಯನ್ನು ಒಡೆದನು, ದೂರು ಕಲ್ಯಾಣದ ಬಿಜ್ಜಳನ ಆಸ್ಥಾನಕ್ಕೆ ಹೋಯಿತು, ಓಲೆಯನ್ನು ನೋಡಿದ ಬಿಜ್ಜಳನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನು.

ಆ ದೇವಾಲಯದಲ್ಲಿ ಇದೇ ಪ್ರಸಂಗವನ್ನು ಕೆತ್ತಿದ ಶಿಲ್ಪಗಳೂ ಇವೆ. ಶಿಲ್ಪಿಯು ಬರಿಯ ಚಿತ್ರವನ್ನು ನಂಬಲಿಲ್ಲ; ಇದು ಇಂಥ ಸಂದರ್ಭ, ಇಲ್ಲಿ ಇಂಥವರು ಇಂಥದನ್ನು ಮಾಡುತ್ತಿದ್ದಾರೆ ಎಂದು ಶಿಲ್ಪದೊಡನೆ ಕನ್ನಡದಲ್ಲಿ ಚಿಕ್ಕ ಚಿಕ್ಕ ಬರಹಗಳನ್ನು ಕೂಡ ಕಂಡರಿಸಿಟ್ಟಿದ್ದಾನೆ. ಓದು ಬಾರದವನು ಶಿಲ್ಪವನ್ನು ನೋಡಲಿ, ಬಂದವನು ಅಕ್ಷರವನ್ನು ನೋಡಲಿ, ಯಾರೂ ಸಂಶಯದೊಡನೆ ಹೊರಗೆ ಹೋಗಬಾರದು ಎಂಬ ಆತುರ ಆ ಕಲ್ಲಿನಲ್ಲಿ ಇಂದಿಗೂ ಕಾಣುತ್ತದೆ. ಪವಾಡ ನಡೆಯಿತೆ ಇಲ್ಲವೆ ಎಂಬುದು ಭಕ್ತಿಯ ವಿಷಯ. ಅದರಲ್ಲಿ ನಾನು ಕೈಹಾಕಲಾರೆ. ಇತಿಹಾಸಕ್ಕೆ ಮುಖ್ಯವಾದದ್ದು, ಓಲೆಯಲ್ಲಿ ಬರೆದ ಕರಾರು, ತಪ್ಪಿದ ಮಾತು, ಅರಸನ ತೀರ್ಪು, ದೊರೆತ ದಾನ ಇವೆಲ್ಲವನ್ನೂ ಒಳಗೊಂಡು ಧರ್ಮವು ಒಂದು ವ್ಯಾಜ್ಯದ ರೂಪವನ್ನು ತಾಳಿತ್ತೆಂಬುದು. ಗೆದ್ದವನ ಕಡೆಯ ದಾಖಲೆ ಕಲ್ಲಿನಲ್ಲಿ ಉಳಿಯಿತು. ಸೋತವರು ಆ ಏಳು ದಿನಗಳನ್ನು ಹೇಗೆ ಕಳೆದರು, ತಮ್ಮ ಮನೆಯ ಮಕ್ಕಳಿಗೆ ಏನೆಂದು ಹೇಳಿದರು ಎಂಬುದನ್ನು ಹೇಳಲು ಅಲ್ಲಿ ಒಂದು ಅಕ್ಷರಕ್ಕೂ ಎಡೆಯಿಲ್ಲ. ಒಂದೇ ಊರಿನ, ಒಂದೇ ಕೆರೆಯ ನೀರು ಕುಡಿದ ಎರಡು ಪಂಗಡಗಳ ಜನ, ತಲೆಯೊಂದು ಉರುಳದೆ ನಂಬಿಕೆ ನಿಜವಾಗದು ಎಂಬ ಸ್ಥಿತಿಗೆ ಬಂದಿದ್ದರೆಂಬುದನ್ನು ನೆನೆದಾಗ ನನಗೆ ವ್ಯಥೆಯಾಗುತ್ತದೆ.

ಇದಾದ ನಾಲ್ಕೈದು ಶತಮಾನಗಳ ಮೇಲೆ ಅದೇ ಅಬಲೂರಿನಲ್ಲಿ, ಕುಂಬಾರಗೇರಿಯ ಒಂದು ಮನೆಯಲ್ಲಿ, ಸರ್ವಜ್ಞನು ಹುಟ್ಟಿದನೆಂದು ಅವನ ಹೆಸರಿನಲ್ಲಿ ಬಂದಿರುವ ಜನ್ಮವೃತ್ತಾಂತದ ತ್ರಿಪದಿಗಳು ಹೇಳುತ್ತವೆ. ವಿದ್ವಾಂಸರು ಅವನ ಕಾಲವನ್ನು ಸಾಮಾನ್ಯವಾಗಿ ಹದಿನಾರು-ಹದಿನೇಳನೆಯ ಶತಮಾನಗಳಲ್ಲಿ ಇರಿಸುತ್ತಾರೆ. ಮಾಸೂರಿನ ಬಸವರಸನು ಮಕ್ಕಳಿಲ್ಲದ ಕೊರಗಿನಿಂದ ಕಾಶಿಗೆ ಹೋಗಿ, ಮರಳುವಾಗ ಅಬಲೂರಿನಲ್ಲಿ ಕುಂಬಾರರ ಮನೆಯೊಂದರಲ್ಲಿ ತಂಗಿ, ಅಲ್ಲಿಯ ವಿಧವೆಯಲ್ಲಿ ಈ ಮಗನನ್ನು ಪಡೆದನೆಂಬುದು ಆ ಕಥೆ. ಬೆಳೆದ ಮಗ, ತಂದೆತಾಯಿಗಳು ಯಾರೆಂಬ ಪ್ರಶ್ನೆ ಎದ್ದಾಗ ತಾನು ಶಿವನ ಮಗನೇ ಹೊರತು ಮತ್ತಾರ ಮಗನೂ ಅಲ್ಲವೆಂದು ಉದ್ಧಟನಾಗಿ ನುಡಿದು, ಮನೆಯಿಂದ ಹೊರಬಿದ್ದು, ಭಿಕ್ಷಾಪಾತ್ರೆಯನ್ನು ಹಿಡಿದು ನಾಡನ್ನು ಸುತ್ತಿದನೆಂದು ಅದು ಮುಂದುವರಿಯುತ್ತದೆ. ಈ ವೃತ್ತಾಂತ ಎಷ್ಟರಮಟ್ಟಿಗೆ ಚರಿತ್ರೆ, ಎಷ್ಟರಮಟ್ಟಿಗೆ ಜನರ ಕಟ್ಟುಕಥೆ ಎಂಬ ಚರ್ಚೆ ಬಹಳ ನಡೆದಿದೆ. ಕಥೆಯೇ ಆಗಿರಲಿ, ಜನರು ಇಂಥ ಮನುಷ್ಯನಿಗೆ ಇಂಥ ಹುಟ್ಟನ್ನೇ ಏಕೆ ಕೊಟ್ಟರು ಎಂದು ಕೇಳಿಕೊಂಡರೆ ಚರಿತ್ರೆಗಿಂತ ಹೆಚ್ಚಿನ ಬೆಳಕು ಸಿಕ್ಕುವುದೆಂದು ನನ್ನ ಎಣಿಕೆ.

ಹಳ್ಳಿಯಲ್ಲಿ ಪ್ರತಿಯೊಬ್ಬನೂ ಯಾರಿಗೋ ಅಳಿಯ, ಯಾರಿಗೋ ಭಾವ, ಯಾರದೋ ಹೊಲದ ಬದುವಿಗೆ ಹೊಂದಿಕೊಂಡವನು, ಯಾರದೋ ಸಾಲದಲ್ಲಿರುವವನು. ಅವನು ಕಂಡ ಸತ್ಯವನ್ನು ಬಾಯಿಬಿಟ್ಟು ಹೇಳಿದನೆಂದರೆ, ಸಂಜೆಯ ಒಳಗೆ ಒಂದು ಮನೆಯ ಬಾಗಿಲು ಅವನಿಗೆ ಮುಚ್ಚುತ್ತದೆ. ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ, ಬೀಜ ಕೊಡುವವರು ಕೈ ಬಿಗಿಹಿಡಿಯುತ್ತಾರೆ. ಆದುದರಿಂದ ಸತ್ಯವನ್ನು ಹೇಳುವುದಕ್ಕೆ ಕುಲವಿಲ್ಲದ, ಮನೆಯಿಲ್ಲದ, ಯಾರ ಹಂಗೂ ಇಲ್ಲದ, ಕಳೆದುಕೊಳ್ಳಲು ಕೈಯಲ್ಲಿರುವ ಪಾತ್ರೆಯ ಹೊರತು ಏನೂ ಇಲ್ಲದ ಒಬ್ಬನು ಬೇಕಾಯಿತು. ಅವನಿಗೆ ಮಾಸೂರಿನ ಅಗ್ರಹಾರದ ರಕ್ತವನ್ನೂ ಅಬಲೂರಿನ ಕುಂಬಾರಗೇರಿಯ ಮಣ್ಣನ್ನೂ ಒಟ್ಟಿಗೆ ಕೊಟ್ಟು, ಎರಡು ಕಡೆಯವರಿಗೂ ಸಲ್ಲದವನನ್ನಾಗಿ ಮಾಡಿ, ಆ ಸಲ್ಲದಿರುವಿಕೆಯಿಂದಲೇ ಎಲ್ಲರಿಗೂ ಸಲ್ಲುವವನನ್ನಾಗಿ ಮಾಡಿದ ಜನರ ಬುದ್ಧಿಯು ಸಾಮಾನ್ಯವಾದದ್ದಲ್ಲ.

ಹಾಗೆ ಒಬ್ಬನು ಸಿಕ್ಕಿದಮೇಲೆ ಅವನ ಹೆಸರು ಒಂದು ಆಶ್ರಯವಾಯಿತು. ಈ ಸೀಮೆಯ ಪಂಚಾಯಿತಿಯ ಕಟ್ಟೆಗಳಲ್ಲಿಯೂ ಮದುವೆಯ ಮಾತುಕತೆಗಳಲ್ಲಿಯೂ ಅವನ ಒಂದು ಪದವನ್ನು ನಡುವೆ ಎತ್ತುವ ರೂಢಿ ಬಹಳ ಹಳೆಯದು. ದುಡ್ಡುಳ್ಳವನ ಜಿಪುಣತನವನ್ನು ಎದುರಿಗೆ ಆಡಲಾರದ ಒಕ್ಕಲಿಗನು ಪದವನ್ನು ಹೇಳಿ ಮುಗಿಸಿ, “ನಾ ಅಂದಿದ್ದಲ್ಲರೀ ಗೌಡ್ರ, ಸರ್ವಜ್ಞ ಹೇಳ್ಯಾನ” ಎಂದುಬಿಟ್ಟರೆ, ಕೇಳಿದವನಿಗೆ ಸಿಟ್ಟಾಗಲು ಎಡೆಯಿಲ್ಲ. ಸುತ್ತಲಿನವರಿಗೆ ನಗಲು ಎಡೆಯುಂಟು. ನಕ್ಕವರೊಡನೆ ಅವನೂ ನಗಬೇಕಾಗುತ್ತದೆ. ಪದದ ಕೊನೆಯ ಅಂಕಿತವು ಕವಿಯ ಗುರುತಾಗಿದ್ದಂತೆಯೇ ಬಡವನ ಗುರಾಣಿಯೂ ಆಗಿತ್ತು. ತಮ್ಮ ಅನುಭವದಿಂದ ಹೊಸದಾಗಿ ಒಂದು ಮಾತನ್ನು ಕಟ್ಟಿದವರು ಸಹ ಅದನ್ನು ಈ ಗುರಾಣಿಯ ಮರೆಯಲ್ಲಿಯೇ ಆಡಿದರು. ಸರ್ವಜ್ಞನ ಹೆಸರಿನ ತ್ರಿಪದಿಗಳು ಸುಮಾರು ಎರಡು ಸಾವಿರದಷ್ಟು ಬೆಳೆದುದಕ್ಕೆ, ಅವುಗಳಲ್ಲಿ ಒಂದಕ್ಕೊಂದು ವಿರುದ್ಧವಾದ ಮಾತುಗಳು ಸೇರಿಕೊಂಡುದಕ್ಕೆ, ನನಗೆ ಕಾಣುವ ಕಾರಣವಿದು. ಜಕಣಾಚಾರಿಯ ಹೆಸರಿನಲ್ಲಿ ಹೆಸರಿಲ್ಲದ ನೂರು ಶಿಲ್ಪಿಗಳು ಅಡಗಿರುವಂತೆ ಸರ್ವಜ್ಞನ ಹೆಸರಿನಲ್ಲಿ ಹೆಸರು ಹೇಳಲು ಅಂಜಿದ ನೂರು ಬಾಯಿಗಳು ಅಡಗಿವೆ. ಎಲ್ಲರಿಂದ ಒಂದೊಂದನ್ನು ಕಲಿತು ತಾನು ಈ ಹೆಸರಿಗೆ ತಕ್ಕವನಾದೆನೆಂದು ಅವನೇ ಒಪ್ಪಿಕೊಂಡಿರುವಾಗ, ಕೊಟ್ಟವರು ಮರಳಿ ಅವನ ಹೆಸರಿನಲ್ಲಿಯೇ ಕೊಡುತ್ತ ಹೋದುದರಲ್ಲಿ ಅನ್ಯಾಯವೇನೂ ಇಲ್ಲ.

ಛಂದಸ್ಸೂ ಇದಕ್ಕೆ ಸಹಕಾರಿಯಾಯಿತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ, ಅಂದರೆ ಹೆಚ್ಚು ಕಡಿಮೆ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ, ಹದಗೊಂಡು ನಿಂತಿರುವ ತ್ರಿಪದಿಯು ಪಂಡಿತರ ಮನೆಯಲ್ಲಿ ಬೆಳೆದುದಕ್ಕಿಂತ ಹೆಚ್ಚಾಗಿ ಬೀಸುವ ಕಲ್ಲಿನ ಬಳಿಯಲ್ಲಿ ಬೆಳೆಯಿತು. ಬೆಳಗಿನ ಜಾವದಲ್ಲಿ ಎದುರುಬದುರಾಗಿ ಕುಳಿತ ಇಬ್ಬರು ಹೆಂಗಸರು, ಒಂದೇ ಗೂಟಕ್ಕೆ ಇಬ್ಬರ ಕೈಯನ್ನೂ ಹಚ್ಚಿ, ಒಬ್ಬಳು ಬಿಡುವಾದ ಕೈಯಿಂದ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತ, ಮೊದಲ ಸಾಲನ್ನು ಎತ್ತುವರು. ಎರಡನೆಯ ಸಾಲನ್ನು ಹಾಡಿ ಅದನ್ನೇ ಮತ್ತೊಮ್ಮೆ ಎಳೆದು, ಆಮೇಲೆ ಮೂರನೆಯ ಸಾಲಿಗೆ ಇಳಿಯುವರು. ಆ ಪುನರಾವೃತ್ತಿಯಲ್ಲಿ ಕೇಳುವವನ ಮನಸ್ಸು ಮುಂದಿನ ಮಾತಿಗೆ ಕಾದು ನಿಲ್ಲುತ್ತದೆ. ಮೂರನೆಯ ಸಾಲು ಮೊದಲೆರಡಕ್ಕಿಂತ ಚಿಕ್ಕದು. ಅದರಲ್ಲಿಯೂ ಒಂದು ಪಾಲನ್ನು ಸರ್ವಜ್ಞನೆಂಬ ಅಂಕಿತವು ತೆಗೆದುಕೊಂಡುಬಿಡುತ್ತದೆ. ಉಳಿದ ಎರಡು ಮೂರು ಮಾತುಗಳಲ್ಲಿ ತೀರ್ಪು ಹೊರಬರಬೇಕು. ಇಷ್ಟು ಇಕ್ಕಟ್ಟಿನಲ್ಲಿ ಡಂಭಕ್ಕೆ ಎಡೆಯೆಲ್ಲಿ? ವಿದ್ವತ್ತಿನ ಪ್ರದರ್ಶನಕ್ಕೆ ಎಡೆಯೆಲ್ಲಿ? ಹೇಳತಕ್ಕದ್ದು ಇದ್ದವನು ಮಾತ್ರ ಇಲ್ಲಿ ಬಾಯಿ ತೆರೆಯಬಲ್ಲನು.

ಅವನು ಮುಟ್ಟದ ವಿಷಯವಿಲ್ಲ. ಮಳೆ, ಬೆಳೆ, ಎತ್ತು, ಊಟ, ರೋಗ, ವೇಶ್ಯೆ, ಜೋಯಿಸ, ಅಕ್ಕಸಾಲಿಗ, ಅರಸ, ಗುರು ಎಲ್ಲರೂ ಅವನ ಮುಂದೆ ಸರದಿಯಂತೆ ಬಂದು ನಿಲ್ಲುತ್ತಾರೆ. ಸಾಲವನ್ನು ಕುರಿತು ಹೇಳುವಾಗ ಅದನ್ನು ತರುವ ಹೊತ್ತಿನ ಸುಖವನ್ನೂ ತೀರಿಸುವ ಹೊತ್ತಿನ ಯಾತನೆಯನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಉಪದೇಶದ ಮಾತೊಂದನ್ನೂ ಸೇರಿಸದೆ ಸುಮ್ಮನಾಗುತ್ತಾನೆ. ಕುಲದ ಮಾತು ಬಂದಾಗ, ಕೀಳುಕುಲದವನೆನಿಸಿದ ಒಬ್ಬನ ಮನೆಯನ್ನು ಹೊಕ್ಕ ಬೆಳಕು ಆ ಕಾರಣಕ್ಕೆ ಮೈಲಿಗೆಯಾಯಿತೆ ಎಂದು ಕೇಳಿ, ಕೇಳುವವನಿಗೆ ಉತ್ತರವಿಲ್ಲದಂತೆ ಮಾಡುತ್ತಾನೆ. ತೀರ್ಥಗಳಲ್ಲಿ ಮುಳುಗಿ ಪುಣ್ಯವನ್ನು ಹೊತ್ತುಬರುವವರನ್ನೂ, ವೇಷದಲ್ಲಿ ಗುರುವಾಗಿ ಹೊಟ್ಟೆಯಲ್ಲಿ ಶಿಷ್ಯನಾಗಿರುವವರನ್ನೂ ಅವನು ಬಿಡುವುದಿಲ್ಲ. ಇಷ್ಟಾಗಿಯೂ ಅವನು ನಾಸ್ತಿಕನಲ್ಲ; ಶಿವನನ್ನು ಅಂತರಂಗದಲ್ಲಿ ಒಪ್ಪಿಕೊಂಡವನು. ಆದರೆ ಏಕಾಂತದ ರಾಮಯ್ಯನ ಕಾಲದ ಅಬಲೂರು ದೇವರಿಂದ ಸಾಕ್ಷ್ಯವನ್ನು ಬೇಡಿದ್ದರೆ, ಸರ್ವಜ್ಞನ ಅಬಲೂರು ಭಕ್ತನಿಂದ ಸಾಕ್ಷ್ಯವನ್ನು ಬೇಡಿತು. ನಿನ್ನ ದೇವರು ಏನು ಮಾಡಬಲ್ಲನೆಂಬ ಪ್ರಶ್ನೆ ಹೋಗಿ, ಅವನನ್ನು ನಂಬಿದ ನೀನು ನೆರೆಯವನಿಗೆ ಏನು ಮಾಡಿದೆ ಎಂಬ ಪ್ರಶ್ನೆ ಬಂದಿತು. ಮೊದಲನೆಯದನ್ನು ಏಳು ದಿನಗಳಲ್ಲಿ ತೀರ್ಮಾನಿಸಿ ಜಯಪತ್ರ ಬರೆದುಕೊಡಬಹುದು. ಎರಡನೆಯದಕ್ಕೆ ಜಯಪತ್ರವನ್ನು ಕೊಡಬಲ್ಲ ಅರಸನು ಎಲ್ಲಿಯೂ ಇಲ್ಲ. ಪದವನ್ನು ಕೇಳಿದ ಪ್ರತಿಯೊಬ್ಬನೂ ಪ್ರತಿದಿನವೂ ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬೇಕು.

ಸರ್ವಜ್ಞನ ಹೆಸರಿನಲ್ಲಿರುವ ಎಲ್ಲವನ್ನೂ ತಲೆಯ ಮೇಲೆ ಹೊರಬೇಕೆಂದು ನಾನು ಹೇಳಲಾರೆ. ಇಚ್ಛೆಯನ್ನರಿತು ನಡೆಯುವ ಹೆಂಡತಿಯನ್ನು ಹೊಗಳಿದ ಬಾಯಲ್ಲಿಯೇ ಹೆಂಗಸರನ್ನು ಒಟ್ಟಾಗಿ ಹಳಿಯುವ ಮಾತುಗಳು ಬಂದಿವೆ. ಕುಲವನ್ನು ಪ್ರಶ್ನಿಸಿದ ನಾಲಿಗೆಯಿಂದಲೇ ಕೆಲವು ಕಸುಬಿನವರನ್ನು ಸಾರಾಸಗಟಾಗಿ ಜರೆಯುವ ಮಾತುಗಳೂ ಹೊರಟಿವೆ. ಅವು ಅವನವೋ, ಅವನ ಮರೆಯಲ್ಲಿ ನಿಂತವರವೋ, ಯಾರವೇ ಆಗಲಿ, ಅನ್ಯಾಯದ ಮಾತುಗಳು. ಬಡವನಿಗೆ ಗುರಾಣಿಯಾದ ಹೆಸರು ಕೆಲವೊಮ್ಮೆ ಬಲ್ಲಿದನ ಕೈಯಲ್ಲಿ ಕೋಲೂ ಆಯಿತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಎಲ್ಲರನ್ನೂ ಪರೀಕ್ಷಿಸಿದವನ ಮಾತುಗಳನ್ನು ಪರೀಕ್ಷಿಸಿಯೇ ತೆಗೆದುಕೊಳ್ಳುವುದು ಅವನಿಗೆ ಸಲ್ಲತಕ್ಕ ಗೌರವ.

ಈ ಮಾತುಗಳ ಬೆಲೆಯನ್ನು ಹೊರಗಿನವರು ಬೇಗನೆ ಗುರುತಿಸಿದರೆಂಬುದು ಗಮನಿಸತಕ್ಕ ಸಂಗತಿ. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದು 1823ರಲ್ಲಿ ಫ್ರಾನ್ಸಿಗೆ ಮರಳಿದ ಪಾದ್ರಿ ಅಬ್ಬೆ ದುಬಾಯ್, ಹಿಂದೂ ಜನರ ಆಚಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ವೇಮನ, ತಿರುವಳ್ಳುವರ್ ಇವರೊಡನೆ ಕನ್ನಡದ ಸರ್ವಜ್ಞನನ್ನೂ ಹೆಸರಿಸಿದ್ದಾನೆ. ಆದರೆ ಸರ್ವಜ್ಞನ ಋಣವನ್ನು ನಿಜವಾಗಿ ತೀರಿಸಿದವರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ ಧಾರವಾಡ ಸೀಮೆಯಲ್ಲಿ ದುಡಿದ ಈ ಮಹನೀಯರು, ಓಲೆ ಕಾಗದಗಳ ಪ್ರತಿಗಳನ್ನು ಕೂಡಿಹಾಕಿ, ಪಾಠಗಳನ್ನು ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪುಸ್ತಕರೂಪದಲ್ಲಿ ಕನ್ನಡಿಗರ ಕೈಗಿತ್ತರು. ಕ್ರಿಸ್ತನಲ್ಲಿ ಅಚಲವಾದ ಶ್ರದ್ಧೆಯುಳ್ಳ ಒಬ್ಬ ಉಪದೇಶಕನು, ತನ್ನ ಶ್ರದ್ಧೆಯನ್ನು ಒಂದು ಕೂದಲಿನಷ್ಟೂ ಸಡಿಲಿಸದೆ, ಶಿವಭಕ್ತನೊಬ್ಬನ ಮಾತುಗಳಿಗಾಗಿ ತನ್ನ ಆಯುಷ್ಯದ ಒಳ್ಳೆಯ ವರ್ಷಗಳನ್ನು ತೆತ್ತನು. ಆಮೇಲೆ ಶರಣರ ವಚನಗಳಿಗಾಗಿಯೂ ದುಡಿದನು. 1949ರಲ್ಲಿ ಕಲಬುರಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನವು ಇವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿ ತನ್ನನ್ನು ತಾನು ಗೌರವಿಸಿಕೊಂಡಿತು. 1962ರಲ್ಲಿ ಅವರು ತೀರಿಕೊಂಡರು. ತಲೆಯನ್ನು ಪಣಕ್ಕಿಟ್ಟ ಅಬಲೂರಿನ ಆ ಹಳೆಯ ವ್ಯಾಜ್ಯಕ್ಕೆ ಈ ಸೀಮೆ ಕೊಟ್ಟ ಅತ್ಯಂತ ಶ್ರೇಷ್ಠವಾದ ಉತ್ತರವು ನನಗೆ ಈ ಪಾದ್ರಿಯ ಬದುಕಿನಲ್ಲಿ ಕಾಣುತ್ತದೆ.

ಸರ್ವಜ್ಞನಿಗೆ ಈಗ ಮರ್ಯಾದೆಯ ಕೊರತೆಯೇನೂ ಇಲ್ಲ. ಫೆಬ್ರವರಿ 20ರಂದು ಸರಕಾರವೇ ಅವನ ಜಯಂತಿಯನ್ನು ಆಚರಿಸುತ್ತದೆ; 2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಕೆಲವೇ ದಿನಗಳ ಅಂತರದಲ್ಲಿ ಅನಾವರಣಗೊಂಡವು. ಪ್ರತಿಮೆಗಳು ಆಗಲಿ, ಜಯಂತಿಗಳು ನಡೆಯಲಿ. ಆದರೆ ರಟ್ಟೀಹಳ್ಳಿ, ಹಿರೇಕೆರೂರು ಸೀಮೆಯ ಉಪಾಧ್ಯಾಯರಲ್ಲಿ ನನ್ನದೊಂದು ಬೇರೆ ಪ್ರಾರ್ಥನೆಯಿದೆ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ದೂರದ ಊರುಗಳಿಗೆ ಕರೆದೊಯ್ಯುವ ಮುನ್ನ ಒಂದು ದಿನ ಕದಂಬೇಶ್ವರನ ಮಂಟಪವನ್ನು ತೋರಿಸಿ, ಅಲ್ಲಿಂದ ಅಬಲೂರಿಗೆ ಕರೆದೊಯ್ದು, ಏಕಾಂತದ ರಾಮಯ್ಯನ ಶಿಲ್ಪಗಳ ಬರಹವನ್ನು ಅವರ ಬೆರಳಿನಿಂದಲೇ ಅಕ್ಷರ ಅಕ್ಷರವಾಗಿ ಓದಿಸಿರಿ. ಓದಿಸಿದಮೇಲೆ ಅದೇ ಊರಿನ ಕುಂಬಾರಗೇರಿಯಲ್ಲಿ ನಿಂತು ಸರ್ವಜ್ಞನ ಹತ್ತು ಪದಗಳನ್ನು ಅವರ ಬಾಯಿಂದ ಹೇಳಿಸಿರಿ. ಮಕ್ಕಳು ಮನೆಗೆ ಹೋಗಿ ಅಜ್ಜಿಯರನ್ನು ಕೇಳಿದರೆ, ಅಚ್ಚಿನ ಪುಸ್ತಕಗಳಲ್ಲಿ ಇಲ್ಲದ ಹನ್ನೊಂದನೆಯ ಪದವೊಂದು ಸಿಕ್ಕರೂ ಸಿಕ್ಕೀತು. ಸಿಕ್ಕಿದರೆ ಅದನ್ನು ಹೇಳಿದವರ ಊರಿನ ಹೆಸರಿನೊಡನೆ ಬರೆದಿಡಿರಿ.